ಮೊದಲು ಯಾರು ಆಫ್, ಕೊನೆಗೆ ಯಾರು: ನಮ್ಮ ಸರ್ವರ್ ರ‍್ಯಾಕಿನ ರಿಪೇರಿ ದಾಖಲೆ

ರಾತ್ರಿ ಕರೆಂಟ್ ಹೋಗಿತ್ತು. ಯುಪಿಎಸ್ ತನ್ನ ಕೆಲಸ ಮಾಡಿತ್ತು. ಆದರೂ ಬೆಳಿಗ್ಗೆ ನಾನು ಬರುವ ಹೊತ್ತಿಗೆ ಎರಡು ವರ್ಚುವಲ್ ಮಷಿನ್‌ಗಳು (ವಿಎಂ, ಅಂದರೆ ಸರ್ವರಿನೊಳಗೆ ಸಾಫ್ಟ್‌ವೇರ್ ಆಗಿ ಓಡುವ ಕಂಪ್ಯೂಟರುಗಳು) ಬೂಟ್ ಆಗದೆ ನಿಂತಿದ್ದವು. ಪರದೆಯ ಮೇಲೆ ಫೈಲ್‌ಸಿಸ್ಟಂ ಚೆಕ್ ಮಾಡಿ ಅನ್ನುವ ಸಾಲು, ಅದರ ಕೆಳಗೆ ಮಿನುಗುವ ಕರ್ಸರ್. ಚೆಕ್ ಓಡಿಸಿದೆ. ಲೆಕ್ಕಪತ್ರದ ಮಷಿನ್‌ನಲ್ಲಿ ಹಿಂದಿನ ದಿನ ಬರೆದಿದ್ದ ಫೈಲುಗಳು ಹೆಸರು ಕಳೆದುಕೊಂಡು, ಬರೀ ನಂಬರುಗಳಾಗಿ ಲಾಸ್ಟ್ ಅಂಡ್ ಫೌಂಡ್ ಫೋಲ್ಡರಿನಲ್ಲಿ ಬಿದ್ದಿದ್ದವು. ಬ್ಯಾಕಪ್ ಇತ್ತು. ಆದರೆ ಅದು ಅದಕ್ಕೂ ಹಿಂದಿನ ರಾತ್ರಿಯದ್ದು. ನಡುವಿನ ಒಂದು ದಿನದ ನಮೂದುಗಳನ್ನು ನನ್ನ ಸಹೋದ್ಯೋಗಿಯೊಬ್ಬರು ಎರಡು ದಿನ ಕೂತು, ಕಾಗದ ನೋಡಿಕೊಂಡು ಮತ್ತೆ ಟೈಪ್ ಮಾಡಿದರು. ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ನನಗೆ ಜಾಸ್ತಿ ನೋವು ಕೊಟ್ಟಿತು.

ಆ ವಾರವೇ ಕೆಲಸ ಶುರು ಮಾಡಿದೆ. ಕರೆಂಟ್ ಹೋದರೆ ರ‍್ಯಾಕ್ ತಾನಾಗಿ ಸರಿಯಾದ ಕ್ರಮದಲ್ಲಿ ಆಫ್ ಆಗಬೇಕು, ಬಂದರೆ ಸರಿಯಾದ ಕ್ರಮದಲ್ಲಿ ಏಳಬೇಕು. ಇಷ್ಟೇ ಗುರಿ. ನಾಲ್ಕು ವಾರಾಂತ್ಯ ಹಿಡಿಯಿತು.

ರ‍್ಯಾಕಿನಲ್ಲಿ ಏನಿದೆ

ಒಂದು ರೂಟರ್, ಒಂದು ನೆಟ್‌ವರ್ಕ್ ಸ್ವಿಚ್, ಒಂದು ಸ್ಟೋರೇಜ್ ಸರ್ವರ್, ವರ್ಚುವಲ್ ಮಷಿನ್ ಓಡಿಸುವ ಎರಡು ಹೋಸ್ಟ್‌ಗಳು. ವಿಎಂಗಳ ಡಿಸ್ಕ್ ಎಲ್ಲ ಸ್ಟೋರೇಜ್ ಸರ್ವರಿನಲ್ಲಿ, ಎನ್‌ಎಫ್‌ಎಸ್ ಮೂಲಕ, ಅಂದರೆ ಬೇರೆ ಮಷಿನ್ನಿನ ಫೈಲುಗಳನ್ನು ನೆಟ್‌ವರ್ಕಿನಿಂದ ಬಳಸುವ ವ್ಯವಸ್ಥೆ. ಒಂದನೇ ಹೋಸ್ಟ್‌ಗೂ ಸ್ಟೋರೇಜ್‌ಗೂ ಬಿಎಂಸಿ ಇದೆ. ಅಂದರೆ ಸರ್ವರ್ ಆಫ್ ಇದ್ದಾಗಲೂ ಎಚ್ಚರವಾಗಿರುವ ಪುಟ್ಟ ನಿಯಂತ್ರಣ ಚಿಪ್. ಎರಡನೇ ಹೋಸ್ಟ್ ಸಾಮಾನ್ಯ ಡೆಸ್ಕ್‌ಟಾಪ್ ಬೋರ್ಡ್, ಅದಕ್ಕೆ ಆ ಸೌಲಭ್ಯ ಇಲ್ಲ. ಎಲ್ಲಕ್ಕೂ ಸೇರಿ 1500 ವಿಎ ಯುಪಿಎಸ್ ಒಂದು. ಎಲ್ಲ ಓಡುವಾಗ ಲೋಡ್ ಸುಮಾರು 240 ವ್ಯಾಟ್.

ಯುಪಿಎಸ್‌ನ ಯುಎಸ್‌ಬಿ ಕೇಬಲ್ ಹೋಗಿದ್ದುದು ಸ್ಟೋರೇಜ್ ಸರ್ವರಿಗೆ. ರ‍್ಯಾಕ್ ಜೋಡಿಸಿದ ದಿನ ಹತ್ತಿರ ಇದ್ದದ್ದು ಅದೇ ಅಂತ ಚುಚ್ಚಿದ್ದೆ. ಆ ಕೇಬಲ್ ಮಾಡಿದ ಅನಾಹುತ ಲಾಗ್ ನೋಡಿದ ಮೇಲೆ ಗೊತ್ತಾಯಿತು. ಬ್ಯಾಟರಿ ಕಡಿಮೆಯಾದಾಗ ಯುಪಿಎಸ್ ಎಚ್ಚರಿಕೆ ಕೊಟ್ಟಿದೆ. ಅದನ್ನು ಕೇಳಿಸಿಕೊಂಡದ್ದು ಸ್ಟೋರೇಜ್ ಒಂದೇ. ಅದು ಅಚ್ಚುಕಟ್ಟಾಗಿ ತನ್ನನ್ನು ತಾನು ಆಫ್ ಮಾಡಿಕೊಂಡಿದೆ. ಎರಡು ಹೋಸ್ಟ್‌ಗಳಿಗೂ ಏನೂ ಗೊತ್ತಿಲ್ಲ. ಅವುಗಳ ಕಾಲ ಕೆಳಗಿನ ನೆಲವೇ ಹೋಗಿತ್ತು. ಎನ್‌ಎಫ್‌ಎಸ್ ಹಾರ್ಡ್ ಮೌಂಟ್ ಆಗಿದ್ದರಿಂದ 'ಸರ್ವರ್ ಉತ್ತರಿಸುತ್ತಿಲ್ಲ, ಇನ್ನೂ ಪ್ರಯತ್ನಿಸುತ್ತಿದ್ದೇನೆ' ಅನ್ನುತ್ತ, ಬ್ಯಾಟರಿ ಪೂರ್ತಿ ಸಾಯುವವರೆಗೆ ಕಾದು ಕೂತಿದ್ದವು.

ಇಷ್ಟಾದರೂ ಜರ್ನಲ್, ಅಂದರೆ ಮಾಡಲಿರುವ ಬದಲಾವಣೆಯನ್ನು ಮೊದಲೇ ಗುರುತು ಹಾಕಿಕೊಳ್ಳುವ ಪುಸ್ತಕ, ಇರುವ ಫೈಲ್‌ಸಿಸ್ಟಂ ಹೀಗೆ ಕೆಡಬಾರದು ಅಲ್ವಾ? ಡೇಟಾಬೇಸ್ ಇದ್ದ ವಿಎಂ ಕೆಟ್ಟಿರಲಿಲ್ಲ. ಅದರಲ್ಲಿದ್ದ ಪೋಸ್ಟ್‌ಗ್ರೆಸ್ ಡೇಟಾಬೇಸ್ ಅಂಥದೇ ತನ್ನ ವಾಲ್ ಲಾಗ್ ಓದಿಕೊಂಡು ತಾನೇ ಎದ್ದು ನಿಂತಿತ್ತು. ಕೆಟ್ಟ ಎರಡು ವಿಎಂಗಳಿಗೆ ಮಾತ್ರ ಏನಾಯಿತು ಅಂತ ಹುಡುಕುತ್ತ ಹೋದೆ. ಎರಡೂ ಒಂದೇ ಟೆಂಪ್ಲೇಟಿನಿಂದ ಮಾಡಿದವು. ಆ ಟೆಂಪ್ಲೇಟಿನಲ್ಲಿ ಡಿಸ್ಕ್ ಕ್ಯಾಶ್ 'ಅನ್‌ಸೇಫ್' ಅಂತ ಇತ್ತು. ಇನ್‌ಸ್ಟಾಲ್ ಬೇಗ ಮುಗಿಯಲಿ ಅಂತ ನಾನೇ ಇಟ್ಟು ಮರೆತಿದ್ದೆ. ಈ ಸೆಟ್ಟಿಂಗ್ ಇದ್ದರೆ, ವಿಎಂ ಒಳಗಿನಿಂದ 'ಇದನ್ನು ಈಗಲೇ ಡಿಸ್ಕ್‌ಗೆ ಬರೆ' ಅಂತ ಬರುವ ಕೋರಿಕೆಯನ್ನು ವಿಎಂ ಓಡಿಸುವ ಕ್ಯೂಇಎಂಯು ಪ್ರೋಗ್ರಾಂ ಕಡೆಗಣಿಸಿ 'ಆಯ್ತು' ಅಂತ ಹೇಳಿಬಿಡುತ್ತದೆ. ಜರ್ನಲ್ ನಿಂತಿರುವುದೇ ಆ 'ಆಯ್ತು' ಅನ್ನುವ ಮಾತಿನ ಮೇಲೆ. ಮಾತು ಸುಳ್ಳಾದರೆ ಜರ್ನಲ್ ಇದ್ದೂ ಇಲ್ಲದಂತೆ. ಮೊದಲ ದಿನದ ಮೊದಲ ಕೆಲಸ, ಎಲ್ಲ ವಿಎಂಗಳ ಕ್ಯಾಶ್ ಸೆಟ್ಟಿಂಗ್ 'ನನ್' (none) ಮಾಡಿದ್ದು. ನಿಮ್ಮಲ್ಲಿ ವಿಎಂಗಳಿದ್ದರೆ ಇದನ್ನು ಒಮ್ಮೆ ನೋಡಿಕೊಳ್ಳಿ, ದಯವಿಟ್ಟು. ಐದು ನಿಮಿಷದ ಕೆಲಸ.

ಅದೇ ದಿನ ಒಂದನೇ ಹೋಸ್ಟ್‌ನ ಎನ್‌ವಿಎಂಇ ಡಿಸ್ಕಿನ ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ವರದಿ ತೆಗೆದೆ. ಅದರಲ್ಲಿ 'ಅನ್‌ಸೇಫ್ ಶಟ್‌ಡೌನ್ಸ್' ಅಂತ ಒಂದು ಸಾಲು ಇರುತ್ತದೆ. ಡಿಸ್ಕಿಗೆ ಮೊದಲೇ ತಿಳಿಸದೆ ಕರೆಂಟ್ ಕಿತ್ತಾಗಲೆಲ್ಲ ಅದು ಒಂದೊಂದೇ ಏರುತ್ತದೆ. ನಮ್ಮದರಲ್ಲಿ 31. ಒಟ್ಟು ಆನ್ ಆದದ್ದು 58 ಸಲ. ಅರ್ಧಕ್ಕಿಂತ ಜಾಸ್ತಿ ಸಲ ಆ ಡಿಸ್ಕನ್ನು ನಾವು ಹೇಳದೆ ಕೇಳದೆ ಆಫ್ ಮಾಡಿದ್ದೇವೆ. 31 ಅಂತ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟೆ.

ಎಷ್ಟು ಹೊತ್ತು ಸಿಗುತ್ತದೆ, ಎಷ್ಟು ಹೊತ್ತು ಬೇಕು

ಯುಪಿಎಸ್ ಪರದೆ 24 ನಿಮಿಷ ಅನ್ನುತ್ತಿತ್ತು. ನಂಬಲಿಲ್ಲ. ಸರ್ವರುಗಳನ್ನು ಬೇರೆ ಪಾಯಿಂಟಿಗೆ ಹಾಕಿ, ಯುಪಿಎಸ್‌ಗೆ 60 ವ್ಯಾಟಿನ ಹಳೇ ಕಾಲದ ಬಲ್ಬು ನಾಲ್ಕು ಹಾಕಿದೆ. ಲೆಕ್ಕಕ್ಕೆ ಅದೇ 240 ವ್ಯಾಟ್. ಗೋಡೆಯ ಸ್ವಿಚ್ ಆಫ್ ಮಾಡಿ ಗಡಿಯಾರ ಹಿಡಿದು ಕೂತೆ. 11 ನಿಮಿಷಕ್ಕೆ ಬಲ್ಬುಗಳು ಆರಿದವು. ಪರದೆಯ ಮೇಲೆ ಆಗಲೂ 9 ನಿಮಿಷ ಬಾಕಿ ಅಂತಿತ್ತು. ಬ್ಯಾಟರಿಗೆ ನಾಲ್ಕು ವರ್ಷ ಆಗಿತ್ತು. ಸೀಸ-ಆಮ್ಲದ ಸೀಲ್ ಮಾಡಿದ ಬ್ಯಾಟರಿಗಳ ಆಯಸ್ಸು ಸಾಮಾನ್ಯವಾಗಿ 3ರಿಂದ 5 ವರ್ಷ. ಹೊಸ ಜೋಡಿ ಹಾಕಿ ಮತ್ತೆ ಅಳೆದಾಗ 23 ನಿಮಿಷ ಬಂತು. ಬ್ಯಾಟರಿಯ ಮೇಲೆ ಮಾರ್ಕರಿನಿಂದ ತಾರೀಖು ಬರೆದೆ.

ಪರೀಕ್ಷೆಗೆ ಪ್ಲಗ್ ಕೀಳಬೇಡಿ. ಪ್ಲಗ್ ಕಿತ್ತರೆ ಕರೆಂಟಿನ ಜೊತೆ ಅರ್ಥಿಂಗ್ ಕೂಡ ಹೋಗುತ್ತದೆ. ಆಗ ರ‍್ಯಾಕಿನ ಲೋಹದ ಮೈಗೆ ನೆಲದ ಸಂಪರ್ಕವೇ ಇರುವುದಿಲ್ಲ. ಗೋಡೆಯ ಸ್ವಿಚ್ ಆಫ್ ಮಾಡಿದರೆ ಅರ್ಥಿಂಗ್ ಉಳಿಯುತ್ತದೆ.

ಆಮೇಲೆ ಒಂದೊಂದು ಮಷಿನ್ ಆಫ್ ಆಗಲು ಎಷ್ಟು ಹೊತ್ತು ಬೇಕು ಅಂತ ಅಳೆದೆ. ಎರಡನೇ ಹೋಸ್ಟ್ 55 ಸೆಕೆಂಡು. ಸ್ಟೋರೇಜ್ 80. ಒಂದನೇ ಹೋಸ್ಟ್ ಮಾತ್ರ 2 ನಿಮಿಷ 40 ಸೆಕೆಂಡು. ಮಾನಿಟರ್ ಹಾಕಿ ನೋಡಿದರೆ, ಎಲ್ಲ ನಿಂತ ಮೇಲೂ ಒಂದೇ ಒಂದು ಸಾಲು ಉಳಿದಿತ್ತು. ಎಡಗಡೆ ಕೆಂಪು ನಕ್ಷತ್ರಗಳು ಅತ್ತಿಂದಿತ್ತ ಓಡಾಡುತ್ತಿವೆ, ಬಲಗಡೆ ಸೆಕೆಂಡುಗಳು ಏರುತ್ತಿವೆ, ಪಕ್ಕದಲ್ಲಿ ಗಡುವು 1 ನಿಮಿಷ 30 ಸೆಕೆಂಡು. ಲಿನಕ್ಸಿನಲ್ಲಿ ಸೇವೆಗಳನ್ನು ಶುರು ಮಾಡಿ ನಿಲ್ಲಿಸುವ ಸಿಸ್ಟಂಡಿ ಯಾವುದಾದರೂ ಸೇವೆ ನಿಲ್ಲಲಿ ಅಂತ ಕಾಯುವ ಡೀಫಾಲ್ಟ್ ಅವಧಿ ಇದೇ 90 ಸೆಕೆಂಡು. ಮೊದಲು 'ಮುಗಿಸಿಕೋ' ಅನ್ನುವ ಟರ್ಮ್ ಸಿಗ್ನಲ್ ಕಳಿಸುತ್ತದೆ. ಗಡುವು ಮುಗಿದರೆ ಕಿಲ್ ಸಿಗ್ನಲ್. ಅದಕ್ಕೆ ಅಪೀಲು ಇಲ್ಲ.

ಸಿಕ್ಕಿಕೊಂಡಿದ್ದು ನಾನೇ ಬರೆದ ಒಂದು ಸಣ್ಣ ಸೇವೆ. ಶೆಲ್ ಸ್ಕ್ರಿಪ್ಟ್ ಒಂದು ಶುರುವಾಗಿ, ಅದರೊಳಗಿಂದ ನಿಜವಾದ ಪ್ರೋಗ್ರಾಂ ಶುರುವಾಗುತ್ತಿತ್ತು. ಸ್ಕ್ರಿಪ್ಟಿಗೆ ಮಾತ್ರ ಸಿಗ್ನಲ್ ಹೋಗುವ ಹಾಗೆ ನಾನೇ ಇಟ್ಟಿದ್ದೆ. ಸ್ಕ್ರಿಪ್ಟ್ ಅದನ್ನು ಒಳಗಿನ ಪ್ರೋಗ್ರಾಮಿಗೆ ದಾಟಿಸುತ್ತಿರಲಿಲ್ಲ. ಪ್ರೋಗ್ರಾಂ ಏನೂ ತಿಳಿಯದೆ ಓಡುತ್ತಲೇ ಇತ್ತು. ಸ್ಕ್ರಿಪ್ಟಿನ ಕೊನೇ ಸಾಲಿನ ಶುರುವಿನಲ್ಲಿ 'ಎಕ್ಸೆಕ್' ಅನ್ನುವ ಒಂದು ಪದ ಸೇರಿಸಿದೆ. ಈಗ ಸ್ಕ್ರಿಪ್ಟಿನ ಜಾಗದಲ್ಲೇ ಪ್ರೋಗ್ರಾಂ ಬಂದು ಕೂರುತ್ತದೆ, ಸಿಗ್ನಲ್ ನೇರ ಅದಕ್ಕೇ ಸಿಗುತ್ತದೆ. ಒಂದು ಪದಕ್ಕೆ 90 ಸೆಕೆಂಡು ಉಳಿಯಿತು. ಈಗ ಒಂದನೇ ಹೋಸ್ಟ್ 70 ಸೆಕೆಂಡಿಗೆ ಆಫ್.

ಹೋಸ್ಟ್ ಆಫ್ ಆಗುವಾಗ ವಿಎಂಗಳನ್ನು ಏನು ಮಾಡಬೇಕು ಅನ್ನುವುದೂ ಒಂದು ಸೆಟ್ಟಿಂಗ್. ವಿಎಂಗಳನ್ನು ನೋಡಿಕೊಳ್ಳುವ ಲಿಬ್‌ವರ್ಟ್ ಗೆಸ್ಟ್ಸ್ ಸೇವೆಯ ಡೀಫಾಲ್ಟ್ 'ಸಸ್ಪೆಂಡ್', ಅಂದರೆ ವಿಎಂ ಮೆಮೊರಿಯನ್ನು ಪೂರ್ತಿ ಡಿಸ್ಕಿಗೆ ಬರೆದಿಡುವುದು. ಬ್ಯಾಟರಿ ಮೇಲೆ ಓಡುವಾಗ ಅಷ್ಟೊಂದು ಬರೆಯುವುದು ನನಗೆ ಬೇಡ. ಅದನ್ನು 'ಶಟ್‌ಡೌನ್'ಗೆ ಬದಲಿಸಿದೆ.

ಯಾಕೆ ಒಂದು ಬೇರೆ ಪುಟ್ಟ ಮಷಿನ್

ಕೊನೆಯವರೆಗೂ ಎಚ್ಚರವಾಗಿರಬೇಕಾದವರು ಒಬ್ಬರು ಬೇಕು. ಅವರು ಕಡಿಮೆ ಕರೆಂಟ್ ತಿನ್ನಬೇಕು, ಬೇರೆ ಯಾರ ಮೇಲೂ ನಿಂತಿರಬಾರದು. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಒಂದನ್ನು ತಂದು ರ‍್ಯಾಕಿನ ಮೇಲಿನ ತಟ್ಟೆಯಲ್ಲಿಟ್ಟೆ. ಯುಎಸ್‌ಬಿ ಕೇಬಲ್ ಸ್ಟೋರೇಜಿನಿಂದ ಕಿತ್ತು ಅದಕ್ಕೆ ಹಾಕಿದೆ. ಅದರ ಮೇಲೆ ಯುಪಿಎಸ್ ಸ್ಥಿತಿಯನ್ನು ಮಷಿನ್‌ಗಳಿಗೆ ತಿಳಿಸುವ ಸಾಫ್ಟ್‌ವೇರ್ ನೆಟ್‌ವರ್ಕ್ ಯುಪಿಎಸ್ ಟೂಲ್ಸ್, ಎಲ್ಲರೂ ಕರೆಯುವಂತೆ ನಟ್. ಪೈ ಯುಪಿಎಸ್ ಜೊತೆ ಮಾತಾಡುತ್ತದೆ, ಮಿಕ್ಕ ಮೂರೂ ಮಷಿನ್‌ಗಳು ನೆಟ್‌ವರ್ಕಿನಲ್ಲಿ 3493ನೇ ಪೋರ್ಟಿನಿಂದ ಪೈ ಹೇಳುವುದನ್ನು ಕೇಳುತ್ತವೆ. ನೆಟ್‌ವರ್ಕ್ ಸ್ವಿಚ್ ಕೂಡ ಯುಪಿಎಸ್ ಮೇಲೇ ಇರಬೇಕು. ಇಲ್ಲದಿದ್ದರೆ ಕರೆಂಟ್ ಹೋದ ಕ್ಷಣವೇ ಈ ಮಾತುಕತೆ ಮುರಿಯುತ್ತದೆ.

ಇಲ್ಲಿ ನಾನೊಂದು ತಪ್ಪು ತಿಳಿದುಕೊಂಡಿದ್ದೆ. ನಟ್‌ನಲ್ಲಿ ಸೆಕೆಂಡರಿ ಮಷಿನ್‌ಗಳೆಲ್ಲ (ಕೇಳಿಸಿಕೊಳ್ಳುವವು) ಸಂಪರ್ಕ ಬಿಡುವವರೆಗೆ ಪ್ರೈಮರಿ (ಯುಪಿಎಸ್‌ಗೆ ಕೇಬಲ್ ಹಾಕಿದ್ದು, ಇಲ್ಲಿ ಪೈ) ಕಾಯುತ್ತದೆ ಅಂತ ಓದಿದ್ದೆ. ಹಾಗಾದರೆ ಕ್ರಮ ತಾನೇ ಸರಿಯಾಗುತ್ತದೆ ಅಂತ ಅಂದುಕೊಂಡೆ. ಪ್ರಯೋಗ ಮಾಡಿದಾಗ ಸತ್ಯ ಗೊತ್ತಾಯಿತು. ಸೆಕೆಂಡರಿ ಸಂಪರ್ಕ ಬಿಡುವುದು ಶಟ್‌ಡೌನ್ ಶುರುವಾದಾಗ, ಮುಗಿದಾಗ ಅಲ್ಲ. ಪ್ರೈಮರಿ ಕಾಯುವ ಡೀಫಾಲ್ಟ್ ಸಮಯವೂ ಬರೀ 15 ಸೆಕೆಂಡು. ಹೋಸ್ಟ್‌ಗಳಿಗೆ ಒಂದು ನಿಮಿಷಕ್ಕಿಂತ ಜಾಸ್ತಿ ಬೇಕಿರುವಾಗ ಇದು ಸಾಲದು. ಮೇಲಾಗಿ ಸ್ಟೋರೇಜೂ ಒಂದು ಸೆಕೆಂಡರಿಯೇ. ಮೂರೂ ಒಟ್ಟಿಗೆ ಶುರುವಾದರೆ ಮತ್ತೆ ಅದೇ ಹಳೇ ಕಥೆ.

ಹಾಗಾಗಿ ಕ್ರಮವನ್ನು ಪೈ ಮೇಲೆ ಒಂದು ಸ್ಕ್ರಿಪ್ಟಿನಲ್ಲಿ ಬರೆದೆ. ಕರೆಂಟ್ ಹೋದ ಮೇಲೆ 2 ನಿಮಿಷ ಸುಮ್ನೆ ಇರುವುದು. ಅಷ್ಟರಲ್ಲಿ ಬಂದರೆ ಟೈಮರ್ ರದ್ದು. ಬರದಿದ್ದರೆ ಎರಡು ಹೋಸ್ಟ್‌ಗಳಿಗೂ ಆಫ್ ಆಗಲು ಹೇಳುವುದು. ಅವು ನಿಜವಾಗಿ ಆಫ್ ಆದ ಮೇಲೆ ಮಾತ್ರ ಸ್ಟೋರೇಜಿಗೆ ಹೇಳುವುದು. ಅದೂ ಆಫ್ ಆದ ಮೇಲೆ ಪೈ ತಾನು ಮಲಗುತ್ತ ಯುಪಿಎಸ್‌ಗೆ 'ಔಟ್‌ಪುಟ್ ನಿಲ್ಲಿಸು' ಅನ್ನುವುದು.

'ನಿಜವಾಗಿ ಆಫ್' ಅನ್ನುವ ಎರಡು ಪದದ ಮೇಲೆ ಒಂದು ಇಡೀ ಭಾನುವಾರ ಹೋಯಿತು. ಮೊದಲು ಪಿಂಗ್ ಮಾಡಿ, ಅಂದರೆ ನೆಟ್‌ವರ್ಕಿನಲ್ಲಿ 'ಇದ್ದೀಯಾ' ಅಂತ ಕೇಳಿ ನೋಡುತ್ತಿದ್ದೆ. ಪಿಂಗ್ ನಿಂತರೆ ಆಫ್ ಅಂತ. ಆದರೆ ಲಿನಕ್ಸ್ ಆಫ್ ಆಗುವಾಗ ನೆಟ್‌ವರ್ಕ್ ಮೊದಲೇ ಇಳಿದುಬಿಡಬಹುದು, ಡಿಸ್ಕಿಗೆ ಬರೆಯುವುದು ಇನ್ನೂ ನಡೆಯುತ್ತಿರಬಹುದು. ಪಿಂಗ್ ನಿಂತ 20 ಸೆಕೆಂಡಿನ ಮೇಲೂ ಒಂದನೇ ಹೋಸ್ಟ್‌ನ ಡಿಸ್ಕ್ ದೀಪ ಮಿಣುಕುತ್ತಿದ್ದುದನ್ನು ನಾನೇ ನೋಡಿದೆ. ಸರಿಯಾದ ಉತ್ತರ ಗೊತ್ತಿರುವುದು ಬಿಎಂಸಿಗೆ. ಬಿಎಂಸಿ ಜೊತೆ ಮಾತಾಡುವ ಐಪಿಎಂಐಟೂಲ್ ಕಮಾಂಡಿನಿಂದ ಪವರ್ ಸ್ಥಿತಿ ಕೇಳಿದರೆ ಆನ್ ಅಥವಾ ಆಫ್ ಅಂತ ಅದು ನೇರವಾಗಿ ಹೇಳುತ್ತದೆ. ಒಂದನೇ ಹೋಸ್ಟ್‌ಗೂ ಸ್ಟೋರೇಜಿಗೂ ಹೀಗೇ ಕೇಳುತ್ತೇನೆ. ಎರಡನೇ ಹೋಸ್ಟ್‌ಗೆ ಬೇರೆ ದಾರಿ ಇಲ್ಲ, ಪಿಂಗ್ ನಿಂತ ಮೇಲೆ ಪೂರ್ತಿ 60 ಸೆಕೆಂಡು ಕಾಯುತ್ತೇನೆ.

ಬಿಎಂಸಿ ಬಗ್ಗೆ ಒಂದು ಎಚ್ಚರಿಕೆ. ಸರ್ವರಿನ ಜುಟ್ಟು ಅದರ ಕೈಲಿರುತ್ತದೆ. ಅದರ ಜೊತೆ ಮಾತಾಡುವ ಭಾಷೆಯಾದ ಐಪಿಎಂಐ 2.0ರ ವಿನ್ಯಾಸದಲ್ಲೇ ಒಂದು ದೌರ್ಬಲ್ಯ ಇದೆ. ಲಾಗಿನ್ ಪೂರ್ತಿಯಾಗುವ ಮೊದಲೇ ಪಾಸ್‌ವರ್ಡಿನ ಹ್ಯಾಶ್ (ಅದರಿಂದ ಲೆಕ್ಕ ಹಾಕಿದ ಸಂಕೇತ) ಕೇಳಿದವರಿಗೆ ಸಿಗುತ್ತದೆ. ಅದಕ್ಕೇ ಬಿಎಂಸಿಗಳನ್ನು ಬೇರೆ ವಿಲ್ಯಾನ್‌ನಲ್ಲಿಟ್ಟು, ಅಂದರೆ ಮಿಕ್ಕ ನೆಟ್‌ವರ್ಕಿನಿಂದ ಬೇರ್ಪಡಿಸಿ, ಪೈಗೆ ಮಾತ್ರ ದಾರಿ ಬಿಟ್ಟೆ. ಪೈಗೆ ಕೊಟ್ಟ ಲಾಗಿನ್‌ಗೂ ಅಡ್ಮಿನ್ ಹಕ್ಕಿಲ್ಲ, ಆಪರೇಟರ್ ಹಕ್ಕು ಮಾತ್ರ. ಆನ್ ಆಫ್ ಮಾಡಲು ಅಷ್ಟು ಸಾಕು. ಆದರೆ ಐಪಿಎಂಐಟೂಲ್ ಸುಮ್ನೆ ಓಡಿಸಿದರೆ ಅದು ಅಡ್ಮಿನ್ ಹಕ್ಕನ್ನೇ ಕೇಳುತ್ತದೆ. ನನಗೆ ಅರ್ಧ ಗಂಟೆ ಲಾಗಿನ್ ಆಗಲೇ ಇಲ್ಲ. ಪಾಸ್‌ವರ್ಡ್ ತಪ್ಪಿದೆ ಅಂತ ಮೂರು ಸಲ ಬದಲಿಸಿದೆ. ಹಕ್ಕಿನ ಮಟ್ಟ ಆಪರೇಟರ್ ಅಂತ ಕಮಾಂಡಿನಲ್ಲೇ ಹೇಳಬೇಕು, ಆಗ ಬಾಗಿಲು ತೆರೆಯುತ್ತದೆ.

ಬಿಎಂಸಿ ಇರುವ ಒಂದನೇ ಹೋಸ್ಟ್ 6 ನಿಮಿಷ ಆದರೂ ಆಫ್ ಆಗದಿದ್ದರೆ? ಇದಕ್ಕೆ ತುಂಬಾ ಯೋಚಿಸಿದೆ. ಕೊನೆಗೆ ಬಿಎಂಸಿಯಿಂದ ಬಲವಂತವಾಗಿ ಆಫ್ ಮಾಡುವುದು ಅಂತ ತೀರ್ಮಾನಿಸಿದೆ. ಸ್ಟೋರೇಜ್ ಬದುಕಿರುವಾಗ ಹೋಸ್ಟ್ ಸತ್ತರೆ, ಅಲ್ಲಿಯವರೆಗೆ ಬರೆದದ್ದಾದರೂ ಸರಿಯಾಗಿ ಡಿಸ್ಕಿನಲ್ಲಿರುತ್ತದೆ. ಹೋಸ್ಟ್ ಬರೆಯುತ್ತಿರುವಾಗ ಸ್ಟೋರೇಜನ್ನು ಎಳೆಯುವುದಕ್ಕಿಂತ ಅದು ಎಷ್ಟೋ ಮೇಲು.

ಪೈ ಕೆಟ್ಟರೆ ಅಂತ ಒಂದು ಹಿಂಬಾಗಿಲು ಕೂಡ ಇದೆ. ಮೂರೂ ಮಷಿನ್‌ಗಳಲ್ಲಿ ನಟ್‌ನ ಯುಪಿಎಸ್‌ಮಾನ್ ಓಡುತ್ತಿರುತ್ತದೆ. ಯುಪಿಎಸ್ ಬ್ಯಾಟರಿ ಮೇಲಿದೆ ಅಂತ ಗೊತ್ತಿದ್ದು, ಆಮೇಲೆ ಸಂಪರ್ಕ 15 ಸೆಕೆಂಡು ಕಡಿದರೆ, ಪರಿಸ್ಥಿತಿ ಕೈಮೀರಿದೆ ಅಂತ ತಿಳಿದು ಅದು ತಾನೇ ಶಟ್‌ಡೌನ್ ಮಾಡುತ್ತದೆ. ಸ್ಟೋರೇಜಿನಲ್ಲಿ ಮಾತ್ರ ಆ ಶಟ್‌ಡೌನಿಗೆ ಮೊದಲು 4 ನಿಮಿಷ ಕಾಯುವಂತೆ ಹಾಕಿದ್ದೇನೆ.

ಮಧ್ಯದಲ್ಲಿ ಕರೆಂಟ್ ಬಂದರೆ

ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಇದೇ. ಆಫ್ ಮಾಡುವುದು ಸರಿಹೋಯಿತು ಅಂತ ಖುಷಿಯಾಗಿ, ಮೂರನೇ ಶನಿವಾರ ಒಂದು ಪರೀಕ್ಷೆ ಮಾಡಿದೆ. ಗೋಡೆಯ ಸ್ವಿಚ್ ಆಫ್ ಮಾಡಿದೆ. ಎಲ್ಲ ಕ್ರಮವಾಗಿ ಮಲಗಿತು. ಪೈ ಮಲಗುತ್ತಿರುವಾಗಲೇ ಸ್ವಿಚ್ ಮತ್ತೆ ಆನ್ ಮಾಡಿದೆ. ಯುಪಿಎಸ್ ಮುಂದೆ ಹಸಿರು ದೀಪ, ನೆಟ್‌ವರ್ಕ್ ಸ್ವಿಚ್ಚಿನ ದೀಪಗಳು ಉರಿಯುತ್ತಿವೆ, ಸರ್ವರುಗಳೆಲ್ಲ ಕತ್ತಲು. ಹತ್ತು ನಿಮಿಷ ಕಾದೆ. ಏನೂ ಏಳಲಿಲ್ಲ.

ಕಾರಣ ಸರಳ. ಮಷಿನ್‌ಗಳು ಏಳುವುದು ಕರೆಂಟ್ ಹೋಗಿ ಮತ್ತೆ ಬಂದಾಗ. ಇಲ್ಲಿ ಯುಪಿಎಸ್ ಔಟ್‌ಪುಟ್ ಹೋಗಲೇ ಇಲ್ಲ. ನಮ್ಮ ಪೈಗೆ ಪವರ್ ಬಟನ್ನೂ ಇಲ್ಲ. ಒಮ್ಮೆ ಮಲಗಿದರೆ ಕರೆಂಟ್ ಕಡಿದು ಕೊಟ್ಟರೆ ಮಾತ್ರ ಏಳುತ್ತದೆ. ಹಾಗಾಗಿ ಮಧ್ಯದಲ್ಲಿ ಕರೆಂಟ್ ಬಂದರೂ ಯುಪಿಎಸ್ ಒಮ್ಮೆ ಔಟ್‌ಪುಟ್ ಕಡಿಯಲೇಬೇಕು. ನಟ್‌ನಲ್ಲಿ ಇದಕ್ಕೆ ವ್ಯವಸ್ಥೆ ಇದೆ. ಆಫ್ ಆಗುವ ಮೊದಲು ಪೈ ಒಂದು ಗುರುತಿನ ಫೈಲ್ ಬರೆದಿಡುತ್ತದೆ. ಎಲ್ಲ ನಿಂತ ಮೇಲೆ, ಕಟ್ಟಕಡೆಯ ಹಂತದಲ್ಲಿ ಓಡುವ ಸ್ಕ್ರಿಪ್ಟ್ ಆ ಫೈಲ್ ನೋಡಿ ಯುಪಿಎಸ್‌ಗೆ ಕಡಿಯಲು ಹೇಳುತ್ತದೆ. ನಮ್ಮ ಡ್ರೈವರಿನಲ್ಲಿ ಡೀಫಾಲ್ಟಾಗಿ 20 ಸೆಕೆಂಡಿಗೆ ಕಡಿತ, 30 ಸೆಕೆಂಡಿಗೆ ಮತ್ತೆ ಕೊಡುವುದು. ಎರಡನೆಯ ಅಂಕಿ ಯಾವಾಗಲೂ ಮೊದಲನೆಯದಕ್ಕಿಂತ ದೊಡ್ಡದಿರಬೇಕು. ನಾನು ಅದನ್ನು 60 ಮಾಡಿದೆ, ಪವರ್ ಸಪ್ಲೈಗಳಲ್ಲಿ ಉಳಿದ ಚಾರ್ಜ್ ಪೂರ್ತಿ ಇಳಿಯಲಿ ಅಂತ.

ಹಾಗಾದರೆ ನಮ್ಮಲ್ಲಿ ಯಾಕೆ ಕಡಿಯಲಿಲ್ಲ? ಎಸ್‌ಡಿ ಕಾರ್ಡ್ ಸವೆಯಬಾರದು ಅಂತ ಆ ಗುರುತಿನ ಫೈಲನ್ನು ಮೆಮೊರಿಯಲ್ಲಿರುವ ತಾತ್ಕಾಲಿಕ ಫೋಲ್ಡರಿಗೆ ಬರೆಸಿದ್ದೆ. ಫೈಲ್‌ಸಿಸ್ಟಂಗಳೆಲ್ಲ ಅನ್‌ಮೌಂಟ್ ಆದಾಗ ಅದೂ ಹೋಗಿತ್ತು. ಕೊನೆಯ ಸ್ಕ್ರಿಪ್ಟ್ ಬಂದು ನೋಡಿದಾಗ ಫೈಲೇ ಇಲ್ಲ. ಅದು ರೂಟ್ ಫೈಲ್‌ಸಿಸ್ಟಮ್ಮಿನಲ್ಲೇ ಇರಬೇಕು. ಬದಲಿಸಿದೆ. ಮತ್ತೆ ಅದೇ ಪರೀಕ್ಷೆ. ಈ ಸಲ ಯುಪಿಎಸ್ ಒಳಗಿನ ರಿಲೇ ಟಕ್ ಅಂದಿತು, ರ‍್ಯಾಕ್ ಪೂರ್ತಿ ಕತ್ತಲಾಯಿತು, ಮತ್ತೆ ಟಕ್, ಪೈ ದೀಪ ಹತ್ತಿತು. ಆ ಎರಡು ಸದ್ದು ಕೇಳಿ ನನಗಾದ ಸಮಾಧಾನ ಹೇಳತೀರದು.

ಇದರ ಜೊತೆಗೆ ಇನ್ನೊಂದು ನಿರ್ಧಾರ ಮಾಡಿದೆ. ಒಂದು ಹೋಸ್ಟಿಗೆ ಆಫ್ ಆಗು ಅಂತ ಹೇಳಿದ ಮೇಲೆ ಹಿಂದೆ ತಿರುಗುವುದಿಲ್ಲ. ಮರುಕ್ಷಣ ಕರೆಂಟ್ ಬಂದರೂ ಪೂರ್ತಿ ಮಲಗಿಸಿ, ಕಡಿದು, ಮೊದಲಿನಿಂದ ಏಳಿಸುವುದು. ಅರ್ಧದಲ್ಲಿ ತಿರುಗುವ ದಾರಿಗಳನ್ನು ಬರೆಯಲು ಹೋದರೆ ಹತ್ತಾರು ಆಗುತ್ತವೆ, ಅಷ್ಟನ್ನೂ ಪರೀಕ್ಷಿಸಲು ನನ್ನಿಂದ ಆಗುವುದಿಲ್ಲ.

ಏಳಿಸುವುದು

ಒಂದನೇ ಹೋಸ್ಟ್ ಮತ್ತು ಸ್ಟೋರೇಜ್ ಎರಡಕ್ಕೂ ಕರೆಂಟ್ ಬಂದಾಗ ಸುಮ್ನಿರು ಅಂತ ಸೆಟ್ ಮಾಡಿದೆ. ಪೈ ಎದ್ದು, ಬ್ಯಾಟರಿ 60%ಗಿಂತ ಮೇಲಿದೆಯಾ ಅಂತ ನೋಡಿ, ಆಮೇಲೆ ಬಿಎಂಸಿ ಮೂಲಕ ಸ್ಟೋರೇಜನ್ನು ಎಬ್ಬಿಸುತ್ತದೆ. ಬ್ಯಾಟರಿ ನೋಡುವುದು ಯಾಕೆಂದರೆ, ಕರೆಂಟ್ ಒಮ್ಮೆ ಬಂದು ಮತ್ತೆ ಹೋಗುವುದು ಸಾಮಾನ್ಯ. ಎರಡನೇ ಸಲ ಹೋದಾಗ ಮಲಗಿಸಲು ಬೇಕಾದಷ್ಟು ಬ್ಯಾಟರಿ ಇರದಿದ್ದರೆ ಈ ಎಲ್ಲ ಶ್ರಮ ವ್ಯರ್ಥ.

ಎರಡನೇ ಹೋಸ್ಟನ್ನು ವೇಕ್ ಆನ್ ಲ್ಯಾನ್‌ನಿಂದ, ಅಂದರೆ ನೆಟ್‌ವರ್ಕಿನಲ್ಲಿ ಒಂದು ಸಂದೇಶ ಕಳಿಸಿ, ಎಬ್ಬಿಸಬೇಕು ಅಂತಿತ್ತು. ಇದರ ಪ್ಯಾಕೆಟ್ ನೋಡಲು ಚೆಂದ. ಆರು ಬೈಟ್ ಎಲ್ಲ ಎಫ್‌ಎಫ್, ಆಮೇಲೆ ಆ ಮಷಿನ್ನಿನ ಮ್ಯಾಕ್ ವಿಳಾಸ 16 ಸಲ. ಒಟ್ಟು 102 ಬೈಟ್. ಕ್ಲಾಸಿನಲ್ಲಿ ನಿದ್ದೆ ಮಾಡುವವನ ಹೆಸರನ್ನು ಹದಿನಾರು ಸಲ ಕೂಗಿದ ಹಾಗೆ. ಬಯಾಸ್‌ನಲ್ಲಿ ಇಆರ್‌ಪಿ ಅನ್ನುವ ವಿದ್ಯುತ್ ಉಳಿತಾಯ ಆನ್ ಇತ್ತು. ಅದಿದ್ದರೆ ಮಲಗಿದಾಗ ನೆಟ್‌ವರ್ಕ್ ಕಾರ್ಡಿಗೆ ಕರೆಂಟೇ ಹೋಗುವುದಿಲ್ಲ. ಆಫ್ ಮಾಡಿದೆ, ಎದ್ದಿತು. ಆದರೆ ಕರೆಂಟ್ ಪೂರ್ತಿ ಕಡಿದು ಬಂದ ಮೇಲೆ ಎಷ್ಟು ಕೂಗಿದರೂ ಏಳಲಿಲ್ಲ. ಕಾರ್ಡಿಗೆ 'ಕಿವಿ ತೆರೆದಿಟ್ಟುಕೋ' ಅಂತ ಹೇಳುವುದು ಓಎಸ್. ಕರೆಂಟ್ ಕಡಿದಾಗ ಈ ಬೋರ್ಡಿನಲ್ಲಿ ಅದು ಮರೆತುಹೋಗುತ್ತದೆ. ಹಟ ಬಿಟ್ಟೆ. ಕರೆಂಟ್ ಬಂದ ತಕ್ಷಣ ತಾನೇ ಏಳಲಿ ಅಂತ ಬಯಾಸ್‌ನಲ್ಲಿ ಇಟ್ಟೆ. 'ಹಿಂದಿನ ಸ್ಥಿತಿ' ಅನ್ನುವ ಆಯ್ಕೆ ಬೇಡ. ನಾವು ಸರಿಯಾಗಿ ಆಫ್ ಮಾಡಿರುತ್ತೇವಲ್ಲ, ಹಿಂದಿನ ಸ್ಥಿತಿ ಅಂದರೆ ಆಫ್ ಅಂತಲೇ ಅದು ಮಲಗಿರುತ್ತದೆ. ಎರಡನೇ ಹೋಸ್ಟ್ ಬೇಗ ಎದ್ದರೂ ವಿಎಂ ಶುರು ಮಾಡುವುದಿಲ್ಲ, ಸ್ಟೋರೇಜಿಗೆ ಕಾಯುತ್ತದೆ.

ಸ್ಟೋರೇಜ್ ತಯಾರಾಗಿದೆ ಅನ್ನುವುದಕ್ಕೂ ಪಿಂಗ್ ಸಾಲದು. ಡಿಸ್ಕ್ ಪೂಲ್ ಸಿದ್ಧವಾಗುವ ಮೊದಲೇ ಪಿಂಗಿಗೆ ಉತ್ತರ ಬರುತ್ತದೆ. ಅದಕ್ಕೆ ಪೂಲಿನೊಳಗೆ 'ಇದ್ದೇನೆ' ಅಂತ ಬರೆದ ಒಂದು ಪುಟ್ಟ ಫೈಲ್ ಇಟ್ಟಿದ್ದೇನೆ. ಹೋಸ್ಟ್ ಅದನ್ನು ಎನ್‌ಎಫ್‌ಎಸ್ ಮೂಲಕ ಓದಲು ಸಾಧ್ಯವಾದರೆ ಮಾತ್ರ ವಿಎಂಗಳು ಶುರು.

ಇನ್ನೆರಡು ಗಂಟು ಇಲ್ಲೇ ಬಿಚ್ಚಿದವು. ಹೋಸ್ಟ್‌ಗಳಲ್ಲಿ ಸ್ಟೋರೇಜನ್ನು ಹೆಸರಿನಿಂದ ಮೌಂಟ್ ಮಾಡಿದ್ದೆ. ಆ ಹೆಸರಿಗೆ ವಿಳಾಸ ಹೇಳಬೇಕಾದ ಡಿಎನ್‌ಎಸ್ ಒಂದು ವಿಎಂ. ಆ ವಿಎಂ ಡಿಸ್ಕ್ ಸ್ಟೋರೇಜಿನಲ್ಲಿ. ಬೀಗದ ಕೈ ಒಳಗಿಟ್ಟು ಬಾಗಿಲು ಹಾಕಿಕೊಂಡ ಹಾಗೆ. ಐಪಿ ವಿಳಾಸವನ್ನೇ ಹೋಸ್ಟ್ಸ್ ಫೈಲಿನಲ್ಲಿ ಬರೆದೆ. ಇನ್ನೊಂದು, ಕೇಬಲ್‌ಗಳು ಸುತ್ತಾಗಿ ನೆಟ್‌ವರ್ಕ್ ಕೆಡದಂತೆ ನೋಡಿಕೊಳ್ಳುವ ನೆಟ್‌ವರ್ಕ್ ಸ್ವಿಚ್ಚಿನ ಸ್ಪ್ಯಾನಿಂಗ್ ಟ್ರೀ. ಕೇಬಲ್ ಜೀವ ಪಡೆದ ಮೇಲೂ ಪೋರ್ಟ್ 15 ಸೆಕೆಂಡು ಕೇಳಿಸಿಕೊಂಡು, 15 ಸೆಕೆಂಡು ಕಲಿತು, ಆಮೇಲೆ ಡೇಟಾ ಬಿಡುತ್ತದೆ. ಆ 30 ಸೆಕೆಂಡಿನಲ್ಲಿ ಹೋಸ್ಟ್ ಎದ್ದು, ನೆಟ್‌ವರ್ಕ್ ಇಲ್ಲ ಅಂತ ಕೈಚೆಲ್ಲಿರುತ್ತಿತ್ತು. ಸರ್ವರುಗಳಿಗೆ ಹೋಗುವ ಪೋರ್ಟುಗಳನ್ನು ಎಡ್ಜ್ ಪೋರ್ಟ್ ಅಂತ ಗುರುತಿಸಿದೆ, ಕಾಯುವುದು ನಿಂತಿತು.

ಬಾಗಿಲಿಗೆ ಅಂಟಿಸಿದ ಕಾಗದ

ನಾನಿಲ್ಲದಾಗ ಯಾರಾದರೂ ಕೈಯಿಂದ ಆಫ್ ಮಾಡಬೇಕಾಗಬಹುದು. ಅದಕ್ಕೆ ಒಂದು ಪುಟ ಬರೆದು ರ‍್ಯಾಕ್ ಬಾಗಿಲಿಗೆ ಅಂಟಿಸಿದೆ. ಪವರ್ ಬಟನ್ ಒಮ್ಮೆ ಒತ್ತಿ ಬಿಡಿ, ಹಿಡಿದುಕೊಳ್ಳಬೇಡಿ ಅಂತ ದಪ್ಪಕ್ಷರದಲ್ಲಿ ಬರೆದಿದ್ದೇನೆ. ಒತ್ತಿ ಬಿಟ್ಟರೆ ಓಎಸ್‌ಗೆ ಹೇಳಿದ ಹಾಗೆ. ಸುಮಾರು 4 ಸೆಕೆಂಡು ಹಿಡಿದುಕೊಂಡರೆ ಕರೆಂಟ್ ಕಿತ್ತ ಹಾಗೆ.

ಕಾಗದ ಸರಿಯಿದೆಯಾ ಅಂತ ನೋಡಲು, ನಮೂದುಗಳನ್ನು ಮತ್ತೆ ಟೈಪ್ ಮಾಡಿದ ಆ ಸಹೋದ್ಯೋಗಿಯನ್ನೇ ಕೇಳಿಕೊಂಡೆ. ನಾನು ಪಕ್ಕದಲ್ಲಿ ನಿಂತೆ, ಬಾಯಿ ತೆರೆಯುವುದಿಲ್ಲ ಅಂತ ಹೇಳಿದೆ. ಅವರು ಒಂದೊಂದೇ ಸಾಲು ಬೆರಳಿಟ್ಟು ಓದಿ ಮಾಡಿದರು. ಎರಡನೇ ಹೋಸ್ಟ್ ಹತ್ತಿರ ನಿಂತುಬಿಟ್ಟರು.

"ಸರ್, ಇದು ಆಫ್ ಆಯ್ತು ಅಂತ ನನಗೆ ಹೇಗೆ ಗೊತ್ತಾಗಬೇಕು? ಹಿಂದುಗಡೆ ಹಸಿರು ಲೈಟ್ ಇನ್ನೂ ಉರೀತಿದೆ."

ಮಷಿನ್ ಆಫ್ ಆಗಿತ್ತು. ಉರಿಯುತ್ತಿದ್ದುದು ನೆಟ್‌ವರ್ಕ್ ಕಾರ್ಡಿನ ದೀಪ. ಇಆರ್‌ಪಿ ತೆಗೆದಿದ್ದರಿಂದ ಮಲಗಿದ ಮೇಲೂ ಅದಕ್ಕೆ ಕರೆಂಟ್ ಹೋಗುತ್ತಿತ್ತು. ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಇಲ್ಲದಿದ್ದರೆ ಯಾರೋ ಒಬ್ಬರು ಆ ದೀಪ ಆರಲಿ ಅಂತ ಬಟನ್ ಹಿಡಿದುಕೊಂಡು ನಿಲ್ಲುತ್ತಿದ್ದರು. ಕಾಗದದಲ್ಲಿ ಒಂದು ಸಾಲು ಸೇರಿಸಿದೆವು, ಅವರದೇ ಕೈಬರಹದಲ್ಲಿ: 'ಹಿಂದಿನ ದೀಪ ನೋಡಬೇಡಿ. ಮುಂದಿನ ದೀಪ ಆರಿ, ಫ್ಯಾನ್ ಸದ್ದು ನಿಂತರೆ ಆಫ್ ಆಗಿದೆ.'

ನಿಜವಾದ ರಾತ್ರಿ

ಮೂರು ವಾರ ಆದ ಮೇಲೆ ರಾತ್ರಿ ಕರೆಂಟ್ ಹೋಯಿತು. ನಾನು ಮಲಗಿದ್ದೆ. ಬೆಳಿಗ್ಗೆ ಲಾಗ್ ಓದಿದೆ.

2:14:20, ಬ್ಯಾಟರಿಗೆ ಬಂತು. 2:16:20, ಹೋಸ್ಟ್‌ಗಳಿಗೆ ಆಫ್ ಆಗಲು ಹೇಳಲಾಯಿತು. 2:17:31, ಒಂದನೇ ಹೋಸ್ಟ್ ಆಫ್ ಅಂತ ಬಿಎಂಸಿ ಹೇಳಿತು. 2:18:10, ಎರಡನೇ ಹೋಸ್ಟ್‌ನ 60 ಸೆಕೆಂಡು ಮುಗಿಯಿತು, ಸ್ಟೋರೇಜಿಗೆ ಹೇಳಲಾಯಿತು. 2:19:32, ಸ್ಟೋರೇಜ್ ಆಫ್. ಆಮೇಲೆ ಲಾಗ್ ಖಾಲಿ. ಮುಂದಿನ ಸಾಲು 3:41ರದ್ದು: ಕರೆಂಟ್ ಇದೆ, ಬ್ಯಾಟರಿ 71%, ಸ್ಟೋರೇಜನ್ನು ಎಬ್ಬಿಸಲಾಗುತ್ತಿದೆ. 3:49ಕ್ಕೆ ಕೊನೆಯ ವಿಎಂ ಎದ್ದಿತ್ತು.

ಸ್ಮಾರ್ಟ್ ವರದಿ ತೆಗೆದು ನೋಡಿದೆ. ನಾಲ್ಕು ವಾರಾಂತ್ಯದ ಪರೀಕ್ಷೆಗಳೂ ಸೇರಿ, ಡಿಸ್ಕ್ ಆನ್ ಆದ ಲೆಕ್ಕ 58ರಿಂದ 83ಕ್ಕೆ ಏರಿತ್ತು. ಅನ್‌ಸೇಫ್ ಶಟ್‌ಡೌನ್ಸ್ 31ರಲ್ಲೇ ನಿಂತಿತ್ತು.